ವ್ಯಾನ ಮೀಮಾಂಸೆ: ಆಸನ, ಗವಾಕ್ಷ, ಪಶ್ಚಾದ್ದ್ವಾರ ಪ್ರಕರಣಗಳು

ಪೀಠಿಕೆ

ಕಾಗಿಣಾ ನದಿಯ ಎರಡೂ ದಂಡೆಗಳಲ್ಲಿ ಶಾಸ್ತ್ರಗಳಿಗೆ ಬರವಿಲ್ಲ. ಸೇಡಂ ತಾಲೂಕಿನ ಮಳಖೇಡ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟ, 9ನೇ ಶತಮಾನದಲ್ಲಿ ಕನ್ನಡಕ್ಕೊಂದು ಅಲಂಕಾರಶಾಸ್ತ್ರವನ್ನೂ ಲೋಕಕ್ಕೊಂದು ಗಣಿತಶಾಸ್ತ್ರವನ್ನೂ ಕೊಟ್ಟಿತು. ಶಹಾಬಾದ್ ಸಮೀಪದ ಮರತೂರಿನ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದು, ಅಪ್ಪನ ಆಸ್ತಿ ಮಕ್ಕಳಿಗೆ ಹೇಗೆ ಬರುತ್ತದೆಂದು ಬಂಗಾಳದ ಈಚೆಗಿನ ಬಹುಪಾಲು ದೇಶಕ್ಕೆ ಕಲಿಸಿದ. ಇಷ್ಟೆಲ್ಲ ಇದ್ದೂ, ಮನೆಮಂದಿಯೆಲ್ಲ ಒಂದು ವ್ಯಾನಿನಲ್ಲಿ ಹೇಗೆ ಕೂಡಬೇಕು, ಕಿಡಕಿ ಯಾರು ತೆಗೆಯಬೇಕು, ಹಿಂದಿನ ಡೋರು ಯಾರು ಹಾಕಬೇಕು ಎಂಬ ಬಗ್ಗೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ಇದುವರೆಗೆ ಒಂದು ಗ್ರಂಥವೂ ಹುಟ್ಟಿಲ್ಲ. ಆ ಕೊರತೆಯನ್ನು ಈ ಅಲ್ಪಮತಿ ನೀಗಿಸುತ್ತಿದ್ದಾನೆ. ವಿದ್ವಾಂಸರು ಮನ್ನಿಸಬೇಕು, ಮನ್ನಿಸದವರು ನಡೆದುಕೊಂಡು ಬರಬೇಕು.

‘ಕಂಪನಿಯವರು ಕೊಟ್ಟ ಪುಸ್ತಕ ಇದೆಯಲ್ಲ?’ ಎಂದು ಆಕ್ಷೇಪ ಬರಬಹುದು. ಇದೆ. ಮುಂದಿನ ಖಾನೆಯಲ್ಲಿ ಆರ್‌ಸಿ ಬುಕ್ಕು, ಊದಿನಕಡ್ಡಿ, ಅರ್ಧ ಸುಲಿದ ಶೇಂಗಾ, ಕಳೆದ ಜಾತ್ರೆಯ ಭಂಡಾರದ ಪೊಟ್ಟಣ ಇವುಗಳ ಅಡಿಯಲ್ಲಿ, ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದ ಸ್ಥಿತಿಯಲ್ಲಿದೆ. ಆ ಪುಸ್ತಕ ಸೀಟನ್ನು ಹಿಂದೆ ಮುಂದೆ ಸರಿಸುವುದನ್ನು ಹೇಳುತ್ತದೆ, ಸೀಟಿನ ಮೇಲೆ ಕುಳಿತ ಕಾಕಾನನ್ನು ಸರಿಸುವುದನ್ನು ಹೇಳುವುದಿಲ್ಲ. ಆದ್ದರಿಂದ ಅದು ಅಪೂರ್ಣ ಶಾಸ್ತ್ರ.

ವ್ಯಾನಿನ ಲಕ್ಷಣ

ಮನುಷ್ಯರಿಗಾಗಿ ಹುಟ್ಟಿ, ಮನುಷ್ಯರ ಜೊತೆ ಎರಡು ಚೀಲ ಜೋಳವನ್ನೂ ಹೊರುವ ಮುಚ್ಚಿದ ಗಾಡಿಗೆ ವ್ಯಾನ್ ಎಂದು ಹೆಸರು. ಇದರ ವಂಶಾವಳಿ ಹೀಗೆ: ಜರ್ಮನಿಯಲ್ಲಿ 1950ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಡಬ್ಬಿಯಾಕಾರದ ವ್ಯಾನ್ ಮಾಡಲು ಶುರು ಮಾಡಿತು. ಅಮೆರಿಕದಲ್ಲಿ ಕ್ರೈಸ್ಲರ್ ಕಂಪನಿ 1983ರಲ್ಲಿ ಸಂಸಾರಸ್ಥರ ಮಿನಿವ್ಯಾನನ್ನು ರಸ್ತೆಗಿಳಿಸಿತು. ಮರುವರ್ಷವೇ, 1984ರಲ್ಲಿ, ನಮ್ಮಲ್ಲಿ ಮಾರುತಿ ವ್ಯಾನ್ ಬಂತು. 796 ಸಿಸಿ, ಮೂರು ಸಿಲಿಂಡರ್, ಎರಡೂ ಬದಿಗೆ ಜಾರುವ ಬಾಗಿಲು. ಅದೇ ಮುಂದೆ ಓಮ್ನಿ ಎಂಬ ನಾಮಾಂತರ ಪಡೆದು 2019ರವರೆಗೆ ಬಾಳಿತು. 2010ರಲ್ಲಿ ಈಕೋ ಬಂದು ಕುಲ ಮುಂದುವರಿಸಿತು. ಅಮೆರಿಕದ ಮಿನಿವ್ಯಾನಿನಲ್ಲಿ ಅಪ್ಪ, ಅಮ್ಮ, ಎರಡು ಮಕ್ಕಳು, ಒಂದು ನಾಯಿ ಕೂಡುತ್ತಾರೆಂದು ಜಾಹೀರಾತುಗಳಿಂದ ತಿಳಿಯುತ್ತದೆ. ಅಷ್ಟು ಮಂದಿ ನಮ್ಮಲ್ಲಿ ಗೇರಿನ ಪಕ್ಕ ಕೂಡುತ್ತಾರೆ.

1. ಆಸನ ಪ್ರಕರಣ

ಸೂತ್ರ: ಸೀಟು ಏಳು, ಮಂದಿ ಎಷ್ಟಾದರೂ.

ವ್ಯಾಖ್ಯಾನ: ಡ್ರೈವರನ ಸೀಟು ಕಳೆದರೆ ಉಳಿಯುವುದು ಆರು. ಸನ್ನತಿಯ ಚಂದ್ರಲಾ ಪರಮೇಶ್ವರಿಗೆ ಮೊಮ್ಮಗನ ಜವಳ ತೆಗೆಸಲು ಹೊರಟವರು ಹನ್ನೆರಡು ಮಂದಿ ಎಂದು ಇಟ್ಟುಕೊಳ್ಳೋಣ. ಹನ್ನೆರಡರಲ್ಲಿ ಆರು ಮಂದಿಯನ್ನು ಎಷ್ಟು ರೀತಿಯಲ್ಲಿ ಆರಿಸಬಹುದು? ಈ ಲೆಕ್ಕಕ್ಕೆ ಸಾಮಾನ್ಯ ಸೂತ್ರ ಕೊಟ್ಟವನು ಮಹಾವೀರಾಚಾರ್ಯ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ‘ಗಣಿತಸಾರಸಂಗ್ರಹ’ ಬರೆದವನು. ಅವನ ಸೂತ್ರ ಹಿಡಿದರೆ 924 ರೀತಿ. ಆರಿಸಿದ ಆರು ಮಂದಿಯನ್ನು ಆರು ಸೀಟಿನಲ್ಲಿ ಅದಲು ಬದಲು ಮಾಡಿ ಕೂಡಿಸಲು 720 ರೀತಿ. ಎರಡನ್ನೂ ಗುಣಿಸಿದರೆ 6,65,280.

ಇಷ್ಟರಲ್ಲಿ ಯಾವುದು ಸರಿ? ಅಂಗಳದಲ್ಲಿ ಕೋಲೂರಿ ನಿಂತ ಆಯಿ ಒಂದೇ ಮಾತಿಗೆ ಒಂದನ್ನು ಆರಿಸುತ್ತಾಳೆ. ಉಳಿದ 6,65,279 ರೀತಿಗಳು ಗಪ್ ಕೂಡಬೇಕು.

ಆದರೆ ಗಣಿತದಲ್ಲಿ ಒಂದು ದೋಷ ಉಳಿಯಿತು. ಆರು ಮಂದಿಯನ್ನು ಆರಿಸಿದರೆ ಇನ್ನಾರು ಮಂದಿ ಮನೆಯಲ್ಲಿ ಉಳಿಯಬೇಕಾಗುತ್ತದೆ. ಹಾಗೆ ಉಳಿದವರು ಮುಂದಿನ ಮೂರು ಮದುವೆಗಳಲ್ಲಿ ಆ ಮಾತು ಎತ್ತದೆ ಬಿಡುವುದಿಲ್ಲ. ಹೀಗಾಗಿ ಹನ್ನೆರಡೂ ಮಂದಿ ಏರಲೇಬೇಕು. ಇಲ್ಲಿ ಮಹಾವೀರಾಚಾರ್ಯನ ಇನ್ನೊಂದು ಮತ ನೆರವಿಗೆ ಬರುತ್ತದೆ. ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೇ ಉಳಿಯುತ್ತದೆ ಎಂದು ಅವನು ಹೇಳಿದ. ಮುಂದಿನ ಗಣಿತಜ್ಞರು ಇದನ್ನು ತಪ್ಪೆಂದು ತಳ್ಳಿಹಾಕಿದರು. ಅವರಾರೂ ಮಳಖೇಡದಿಂದ ಸೇಡಂಗೆ ವ್ಯಾನಿನಲ್ಲಿ ಹೋದವರಲ್ಲ. ನಮ್ಮ ಡ್ರೈವರುಗಳ ಲೆಕ್ಕದಲ್ಲಿ ತೊಡೆಯ ಮೇಲೆ ಕೂತ ಮಗು ಸೊನ್ನೆ, ಕಾಲ ಸಂದಿಯಲ್ಲಿ ನಿಂತ ಮಗು ಸೊನ್ನೆ, ಸೀಟಿನ ಬೆನ್ನು ಹಿಡಿದು ತೂಗಾಡುವ ಮಗು ಸೊನ್ನೆ. ಒಂದು ಸೀಟನ್ನು ಇಂಥ ಮೂರು ಸೊನ್ನೆಗಳಿಗೆ ಹಂಚಿದರೂ ಅದು ಒಂದೇ ಸೀಟಾಗಿ ಉಳಿಯುತ್ತದೆ. ಆಚಾರ್ಯನ ಮತ ಸಾವಿರ ವರ್ಷದ ಮೇಲೆ ಅವನ ಊರಿನ ರಸ್ತೆಯಲ್ಲೇ ಸಿದ್ಧವಾಯಿತು.

ಸರ್ಕಾರದ ಗಣಿತ ಬೇರೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 194ಎ ಕಲಮಿನ ಪ್ರಕಾರ ಬಾಡಿಗೆ ಗಾಡಿಯಲ್ಲಿ ಮಿತಿ ಮೀರಿ ಏರಿದ ಪ್ರತಿ ಪ್ರಯಾಣಿಕನಿಗೆ 200 ರೂಪಾಯಿ ದಂಡ. ಒಬ್ಬ ಹೆಚ್ಚುವರಿ ಮಾವನ ಬೆಲೆ ಎಷ್ಟೆಂಬ ಬಹುಕಾಲದ ಚರ್ಚೆಗೆ ಇದರಿಂದ ತೆರೆ ಬಿದ್ದಿದೆ.

ಸೂತ್ರ: ಏನಿದ್ದರೂ ಅದು ಆಸನವೇ.

ವ್ಯಾಖ್ಯಾನ: ಸ್ಟೆಪ್ನಿ, ಗ್ಯಾಸ್ ಸಿಲಿಂಡರು, ಅಕ್ಕಿ ಚೀಲ, ಮಗುಚಿದ ಬಕೆಟು ಇವೆಲ್ಲ ಆಸನವಾಗಬಲ್ಲವು. ಇದಕ್ಕೆ ಪ್ರಮಾಣ ಚಿತ್ತಾಪುರ ತಾಲೂಕಿನಲ್ಲೇ ಇದೆ. 1980ರ ದಶಕದಲ್ಲಿ ಭೀಮಾ ದಂಡೆಯ ಸನ್ನತಿಯ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿಯಿತು. ವಿಗ್ರಹದ ಪೀಠವಾಗಿದ್ದ ಕಲ್ಲನ್ನು ನೋಡಿದರೆ, ಅದು ಸಮ್ರಾಟ ಅಶೋಕನ ಶಾಸನ. ದೇವಿಯನ್ನು ಭದ್ರವಾಗಿ ನಿಲ್ಲಿಸಲು ಅಕ್ಷರಗಳ ನಟ್ಟನಡುವೆ ಕಿಂಡಿಯನ್ನೂ ಕೊರೆದಿದ್ದರು. ಮೌರ್ಯ ಚಕ್ರವರ್ತಿಯ ಆಜ್ಞೆಯೇ ಪೀಠವಾದ ಮೇಲೆ ಸ್ಟೆಪ್ನಿಯ ಮೇಲೆ ಕೂಡಲು ನಾಚಿಕೆ ಯಾಕೆ?

ಸೂತ್ರ: ಮರ್ಯಾದೆ ಹೆಚ್ಚಿದಷ್ಟು ಶಾಖ ಹೆಚ್ಚು.

ವ್ಯಾಖ್ಯಾನ: ಮುಂದಿನ ಸೀಟು ಅಗ್ರಾಸನ. ಅದು ಅಳಿಯಂದಿರಿಗೆ, ಅಳಿಯ ಇಲ್ಲದಿದ್ದರೆ ಮುತ್ಯಾನಿಗೆ ಸಲ್ಲುತ್ತದೆ. ಓಮ್ನಿಯಲ್ಲೂ ಈಕೋದಲ್ಲೂ ಇಂಜಿನ್ ಇರುವುದು ಮುಂದಿನ ಸೀಟುಗಳ ಅಡಿಯಲ್ಲೇ. ಕಲಬುರಗಿ ಸೀಮೆಯ ಬಿಸಿಲು 42 ಡಿಗ್ರಿ ದಾಟುವ ಮೇ ತಿಂಗಳಲ್ಲಿ ಈ ಅಗ್ರಾಸನಕ್ಕೆ ಮೇಲಿನಿಂದ ಸೂರ್ಯ, ಕೆಳಗಿನಿಂದ ಇಂಜಿನ್. ಅಳಿಯ ಮಾತ್ರ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತ, ‘ಆರಾಮ್ ಅದ ಬಿಡ್ರಿ ಮಾವಾ’ ಎನ್ನುತ್ತಾನೆ. ಮರ್ಯಾದೆಯನ್ನು ಸಹಿಸಿಕೊಳ್ಳುವುದೂ ಒಂದು ತಪಸ್ಸು.

ಇನ್ನು ದಾಯ ವಿಚಾರ. ಕಿಡಕಿ ಪಕ್ಕದ ಸೀಟಿನ ಹಕ್ಕು ಯಾವಾಗ ಹುಟ್ಟುತ್ತದೆ? ಮಿತಾಕ್ಷರಾದ ಪ್ರಕಾರ ಪಿತ್ರಾರ್ಜಿತದಲ್ಲಿ ಮಗನಿಗೆ ಹಕ್ಕು ಹುಟ್ಟಿನಿಂದಲೇ ಬರುತ್ತದೆ. ಬಂಗಾಳದ ಜೀಮೂತವಾಹನನ ‘ದಾಯಭಾಗ’ದ ಪ್ರಕಾರ ತಂದೆ ತೀರಿಕೊಂಡ ಮೇಲೆ ಬರುತ್ತದೆ. ವ್ಯಾನಿಗೆ ಅನ್ವಯಿಸಿದರೆ: ಮಿತಾಕ್ಷರಾವಾದಿ ಹುಡುಗ ಗಾಡಿ ಬಾಗಿಲಿಗೆ ಬರುವ ಮೊದಲೇ, ರಾತ್ರಿ ಉಣ್ಣುವಾಗಲೇ ‘ಕಿಡಕಿ ನಂದು’ ಎಂದು ಘೋಷಿಸಿರುತ್ತಾನೆ. ದಾಯಭಾಗವಾದಿಯು ಕಿಡಕಿಯಲ್ಲಿ ಕೂತವನು ಚಿತ್ತಾಪುರದಲ್ಲಿ ಇಳಿಯುವುದನ್ನೇ ಕಾಯುತ್ತಾನೆ. ಇಡೀ ಪ್ರದೇಶ ವಿಜ್ಞಾನೇಶ್ವರನ ತವರಾದ್ದರಿಂದ ಇಲ್ಲಿ ದಾಯಭಾಗಕ್ಕೆ ಬೆಲೆಯಿಲ್ಲ. ಇಳಿಯುವವನು ಇಳಿಯುವಾಗಲೂ ತನ್ನ ತಮ್ಮನಿಗೆ ಸೀಟು ಬರೆದುಕೊಟ್ಟೇ ಇಳಿಯುತ್ತಾನೆ.

ಹೆಣ್ಣುಮಕ್ಕಳ ಗತಿ? ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ, ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಸಮಪಾಲೆಂದು ಕಾನೂನು ಬಂತು. ಅಂದಿನಿಂದ ಮನೆಮಗಳು ಕಿಡಕಿ ಕೇಳಬಹುದು, ಕೇಳುತ್ತಾಳೆ, ಪಡೆಯುತ್ತಾಳೆ ಕೂಡ. ಸೊಸೆ ಈ ಪಾಲುದಾರಿಕೆಯಲ್ಲಿಲ್ಲ. ಆಕೆಯ ಕಿಡಕಿ ತವರಿನ ವ್ಯಾನಿನಲ್ಲಿದೆ. ತವರಿನ ವ್ಯಾನು ಚಿಂಚೋಳಿಯಲ್ಲಿದೆ. ಆಕೆ ಈ ವ್ಯಾನಿನ ಕೊನೆಯ ಸೀಟಿನಲ್ಲಿದ್ದಾಳೆ. ಇದರ ಮುಂದಿನ ವಿಚಾರ ಮೂರನೇ ಪ್ರಕರಣದಲ್ಲಿ.

ಅಧಿಕ ಪ್ರಶ್ನೆ: ಸಂವಿಧಾನಕ್ಕೆ 98ನೇ ತಿದ್ದುಪಡಿಯಿಂದ ಸೇರಿದ 371(ಜೆ) ವಿಧಿ ನಮ್ಮ ಭಾಗದವರಿಗೆ ಸೀಟು ಮೀಸಲಿಡುತ್ತದೆಯಷ್ಟೆ, ಅದು ಕಿಡಕಿ ಸೀಟಿಗೂ ಅನ್ವಯಿಸುತ್ತದೆಯೇ? ಅನ್ವಯಿಸುವುದಿಲ್ಲ. ವ್ಯಾನಿನಲ್ಲಿ ಇರುವವರೆಲ್ಲ ಇದೇ ಭಾಗದವರು. ಎಲ್ಲರಿಗೂ ಇರುವ ಮೀಸಲಾತಿ ಯಾರಿಗೂ ಇಲ್ಲದ ಮೀಸಲಾತಿ.

2. ಗವಾಕ್ಷ ಪ್ರಕರಣ

ಸೂತ್ರ: ಹ್ಯಾಂಡಲ್ ಇದ್ದವನದೇ ಗಾಳಿ.

ವ್ಯಾಖ್ಯಾನ: ಗ್ಲಾಸು ಏರಿಳಿಯುವ ಕ್ರಮ ಸರಳ. ಹ್ಯಾಂಡಲ್ ತಿರುಗಿಸಿದರೆ ಬಾಗಿಲಿನೊಳಗಿನ ಹಲ್ಲುಚಕ್ರ ತಿರುಗುತ್ತದೆ, ಅದಕ್ಕೆ ಹೊಂದಿಕೊಂಡ ತೋಳು ಗ್ಲಾಸನ್ನು ಎತ್ತುತ್ತದೆ, ಇಳಿಸುತ್ತದೆ. ವರ್ಷಗಟ್ಟಲೆ ತಿರುಗಿಸಿ ತಿರುಗಿಸಿ ಹ್ಯಾಂಡಲಿನ ಒಳಗಿನ ಹಲ್ಲು ಸವೆಯುತ್ತವೆ. ಮೊದಲು ಅದು ಜಾರುತ್ತದೆ, ಆಮೇಲೆ ಕೈಗೇ ಬರುತ್ತದೆ. ಬಾಗಿಲಲ್ಲಿ ಬೆರಳುದ್ದದ ಮೊಳೆಯೊಂದೇ ಉಳಿಯುತ್ತದೆ. ಒಂದೊಂದಾಗಿ ಹೀಗೆ ಕೈಗೆ ಬಂದ ಮೇಲೆ ಇಡೀ ಗಾಡಿಗೆ ಒಂದೇ ಹ್ಯಾಂಡಲ್ ಉಳಿದು, ಅದು ಕಾಕಾನ ಅಂಗಿಯ ಎಡಗಿಸೆಯನ್ನು ಸೇರುತ್ತದೆ. ಗಾಳಿ ಬೇಕಾದವರು ಅರ್ಜಿ ಹಾಕಬೇಕು.

‘ಕಾಕಾ, ಜರಾ ಹ್ಯಾಂಡಲ್ ಕೊಡ್ರಿ.’

‘ಯಾಕ?’

‘ಬಿಸಿಲ್ ಭಾಳ್ ಆಗ್ಯಾದ್ರಿ.’

‘ಈಗ ಮಳಖೇಡ ಬರ್ತದ. ಅಲ್ಲಿ ಲಾರಿ ಇರ್ತಾವ. ದಾಟಲಿ, ಕೊಡ್ತೀನಿ.’

ಮಳಖೇಡ ದಾಟುತ್ತದೆ. ಹ್ಯಾಂಡಲ್ ಬರುವುದಿಲ್ಲ. ಕಾಕಾ ನಿದ್ದೆ ಹೋಗಿರುತ್ತಾನೆ, ಎಡಗೈ ಎಡಗಿಸೆಯ ಮೇಲೆ.

ಕಿಡಕಿ ತೆರೆದಿರಬೇಕೋ ಮುಚ್ಚಿರಬೇಕೋ ಎಂಬಲ್ಲಿ ಐದು ಊರಿಗೆ ಐದು ದರ್ಶನಗಳಿವೆ.

ವಾಡಿಯವರು ಚಾರ್ವಾಕರು. ಕಣ್ಣಿಗೆ ಕಂಡದ್ದೇ ಸತ್ಯ, ಕಾಣುವುದು ಸಿಮೆಂಟಿನ ಧೂಳು, ಆದ್ದರಿಂದ ಕಿಡಕಿ ಬಂದ್. ಜೊತೆಗೆ ವಾಡಿ ಜಂಕ್ಷನ್ ಸ್ವಭಾವದವರು. 1874ರಲ್ಲಿ ನಿಜಾಮರ ರೈಲು ಸಿಕಂದರಾಬಾದಿನಿಂದ ಇಲ್ಲಿಗೆ ಬಂದು ಮುಂಬಯಿ–ಮದರಾಸು ದಾರಿಗೆ ಕೂಡಿದ ಲಾಗಾಯ್ತು ‘ಇಲ್ಲಿ ಇಳಿದು ಬೇರೆ ಕಡೆ ಹತ್ತಬೇಕು’ ಎಂಬುದು ಊರಿನ ನಿಯಮವಾಗಿದೆ. ಚಹಾಕ್ಕೆಂದು ವಾಡಿಯಲ್ಲಿ ವ್ಯಾನ್ ನಿಂತರೆ ಸಾಕು, ಎಲ್ಲರ ಸೀಟೂ ಅದಲು ಬದಲಾಗುತ್ತದೆ. ಚಹಾ ಕುಡಿಯಲು ಇಳಿಯದವನೇ ಜಾಣ.

ಶಹಾಬಾದಿನವರು ಮೀಮಾಂಸಕರು. ಅಲ್ಲಿಯ ಪರ್ಸಿ ಕಲ್ಲು ಪದರ ಪದರವಾಗಿ ಏಳುತ್ತದೆ, ಕೊಯ್ದರೆ ಹಿಟ್ಟಿನಂಥ ಪುಡಿ ಹಾರುತ್ತದೆ. ಆ ಪುಡಿ ಬರುವ ಬದಿಯ ಗ್ಲಾಸು ಮುಚ್ಚಬೇಕು, ಬಾರದ ಬದಿಯದು ತೆರೆಯಬೇಕು ಎಂಬುದು ವಿಧಿ. ಬದಿ ಯಾವುದೆಂದು ನಿರ್ಣಯವಾಗುವಷ್ಟರಲ್ಲಿ ಊರು ದಾಟಿರುತ್ತದೆ.

ಚಿತ್ತಾಪುರದವರಿಗೆ ಸನ್ನತಿ–ಕನಗನಹಳ್ಳಿಯ ಬೌದ್ಧ ಸ್ತೂಪದ ನೆರಳಿದೆ. ಅವರು ಕ್ಷಣಿಕವಾದಿಗಳು. ಮುಂದೆ ಲಾರಿ ಬಂದರೆ ಬಂದ್, ಲಾರಿ ಹೋದರೆ ಖುಲ್ಲಾ. ಮಳೆಗಾಲದಲ್ಲಿ ಕಾಗಿಣಾ ತುಂಬಿ ದಂಡೋತಿಯ ಸೇತುವೆ ಮುಳುಗಿದಾಗ ಮಾತ್ರ ಅವರ ವ್ಯಾನು ನಿತ್ಯವಾಗಿ ನಿಲ್ಲುತ್ತದೆ, ಕಿಡಕಿಗಳೂ ನಿತ್ಯವಾಗಿ ತೆರೆದಿರುತ್ತವೆ; ನೀರು ಎಷ್ಟು ಇಳಿಯಿತೆಂದು ಎಲ್ಲರೂ ಇಣುಕಬೇಕಲ್ಲ.

ಸೇಡಂನವರದು ಮಾನ್ಯಖೇಟದ ಜೈನರಿಂದ ಬಂದ ಸ್ಯಾದ್ವಾದ. ಅರ್ಧಕ್ಕೆ ಸಿಕ್ಕಿಬಿದ್ದ ಗ್ಲಾಸಿನ ಮುಂದೆ ಉಳಿದ ದರ್ಶನಗಳೆಲ್ಲ ಕೈಚೆಲ್ಲುತ್ತವೆ. ಸ್ಯಾದ್ವಾದಿ ಹೇಳುತ್ತಾನೆ: ಒಂದು ದೃಷ್ಟಿಯಿಂದ ಕಿಡಕಿ ತೆರೆದಿದೆ, ಒಂದು ದೃಷ್ಟಿಯಿಂದ ಮುಚ್ಚಿದೆ, ಒಂದು ದೃಷ್ಟಿಯಿಂದ ತೆರೆದೂ ಇದೆ, ಮುಚ್ಚಿಯೂ ಇದೆ, ಒಂದು ದೃಷ್ಟಿಯಿಂದ ಹೇಳಲು ಬಾರದು. ಮೆಕ್ಯಾನಿಕ್ ಸಹ ಇದೇ ನಾಲ್ಕನ್ನು ಹೇಳಿ, ಐದನೆಯದಾಗಿ ಒಂದು ರೇಟನ್ನು ಹೇಳುತ್ತಾನೆ.

ಚಿಂಚೋಳಿಯವರು ಸಾಂಖ್ಯರು, ಪುರುಷ ಸುಮ್ಮನೆ ನೋಡುತ್ತಾನೆ, ಕೆಲಸವೆಲ್ಲ ಪ್ರಕೃತಿಯದು. 2011ರಲ್ಲಿ ಅವರ ಕಾಡು ವನ್ಯಜೀವಿಧಾಮವಾಯಿತು. ದಕ್ಷಿಣ ಭಾರತದಲ್ಲಿ ಒಣಭೂಮಿಯ ಮೊದಲ ವನ್ಯಜೀವಿಧಾಮವೆಂದು ಅದಕ್ಕೆ ಹೆಸರು. ಗಾಡಿ ಚಂದ್ರಂಪಳ್ಳಿಯ ದಾರಿ ಹಿಡಿದರೆ ಎಲ್ಲ ಗ್ಲಾಸು ಇಳಿಯುತ್ತವೆ. ಹುಡುಗರು ಮಂಗಗಳನ್ನು ನೋಡುತ್ತಾರೆ, ಮಂಗಗಳು ಬಾಳೆಹಣ್ಣನ್ನು ನೋಡುತ್ತವೆ, ಮನೆಯ ಯಜಮಾನ ಸಾಂಖ್ಯರ ಪುರುಷನಂತೆ ಏನೂ ಮಾಡದೆ ನೋಡುತ್ತಾನೆ. ಬಾಳೆಹಣ್ಣು ಹೋಗುತ್ತದೆ.

ಸೂತ್ರ: ವಾಂತಿ ಬಂದವರಿಗೆ ಕಿಡಕಿ, ಇದು ಆಪದ್ಧರ್ಮ.

ವ್ಯಾಖ್ಯಾನ: ಹುಟ್ಟಿನ ಹಕ್ಕು, ಹಿರಿತನದ ಹಕ್ಕು, ಹ್ಯಾಂಡಲಿನ ಹಕ್ಕು ಎಲ್ಲವನ್ನೂ ಮೀರಿ ನಿಲ್ಲುವ ಏಕೈಕ ಹಕ್ಕು ಇದು. ‘ಯವ್ವಾ, ನನಗ ಹೆಂಗೋ ಆಗ್ಲತ್ತದ’ ಎಂಬ ಒಂದು ಮಾತಿಗೆ ಕಾಕಾನ ಕಿಸೆ ಕೂಡಲೇ ಬಿಚ್ಚಿಕೊಳ್ಳುತ್ತದೆ. ಈ ಮಾತಿನ ಬಲ ತಿಳಿದ ಬಾಲಕರು ಊರ ಅಗಸಿ ದಾಟುವ ಮೊದಲೇ ಅದನ್ನು ಬಳಸುವುದುಂಟು. ಪರೀಕ್ಷೆ ಹೀಗೆ: ಮೂಗಿಗೆ ನಿಂಬೆಹಣ್ಣು ಹಿಡಿಯಬೇಕು. ನಿಜವಾದವನು ಮೂಸುತ್ತಾನೆ. ಸುಳ್ಳಿನವನು ಉಪ್ಪು ಕೇಳುತ್ತಾನೆ.

ಬಿಸಿಲು ತಡೆಯಲು ಗ್ಲಾಸಿಗೆ ಕಪ್ಪು ಹಾಳೆ ಅಂಟಿಸುವ ಪದ್ಧತಿಯಿತ್ತು. 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆಸಿತು. ಮುಂದಿನ ಹಿಂದಿನ ಗ್ಲಾಸಿನಲ್ಲಿ ಶೇ. 70, ಬದಿಯ ಗ್ಲಾಸಿನಲ್ಲಿ ಶೇ. 50ರಷ್ಟಾದರೂ ಬೆಳಕು ಹಾಯಬೇಕೆಂಬುದು ಮೋಟಾರು ನಿಯಮ. ಗ್ಲಾಸಿನ ಸಂದಿಗೆ ಸಿಕ್ಕಿಸಿದ ಅತ್ತಿಯ ಇಳಕಲ್ ಸೀರೆಯ ಸೆರಗಿನಲ್ಲಿ ಶೇಕಡಾ ಎಷ್ಟು ಬೆಳಕು ಹಾಯುತ್ತದೆಂದು ಅಳೆಯಲು ಯಾವ ಇನ್‌ಸ್ಪೆಕ್ಟರನೂ ಈವರೆಗೆ ಮುಂದಾಗಿಲ್ಲ. ಅತ್ತಿ ಸೆರಗಿನ ಇನ್ನೊಂದು ತುದಿಯಲ್ಲಿದ್ದಾಳೆ.

3. ಪಶ್ಚಾದ್ದ್ವಾರ ಪ್ರಕರಣ

ಸೂತ್ರ: ಹಿಂದಿನ ಡೋರು ತೆರೆಯುವುದು ಸುಲಭ, ನಿಲ್ಲಿಸುವುದು ಕಷ್ಟ, ಹಾಕುವುದು ಸಾಮೂಹಿಕ.

ವ್ಯಾಖ್ಯಾನ: ಮೇಲಕ್ಕೆ ತೆರೆಯುವ ಡೋರನ್ನು ಹಿಡಿದು ನಿಲ್ಲಿಸುವುದು ಎರಡು ಸಣ್ಣ ಕೊಳವೆಗಳು. ಅವುಗಳೊಳಗೆ ಒತ್ತಿ ತುಂಬಿದ ನೈಟ್ರೋಜನ್ ಗಾಳಿ, ಚೂರು ಎಣ್ಣೆ. ವಯಸ್ಸಾದಂತೆ ಒಳಗಿನ ವಾಷರು ಸವೆದು ಗಾಳಿ ಸೋರುತ್ತದೆ. ಚಳಿಯಲ್ಲಿ ಗಾಳಿಯ ಒತ್ತಡ ಇನ್ನೂ ಇಳಿಯುತ್ತದೆ. ಈ ಕಾರಣದಿಂದ ವರ್ಷದಲ್ಲಿ ಡೋರು ತಲೆಯ ಮೇಲೆ ಬೀಳುವ ಅತಿ ಪ್ರಶಸ್ತ ಮುಹೂರ್ತವೆಂದರೆ ಎಳ್ಳಮಾಸೆಯ ಮುಂಜಾವು.

ಮಾಗಿಯ ಚಳಿಯ ಆ ಅಮಾವಾಸ್ಯೆಯಂದು ಹೊಲಕ್ಕೆ ಚರಗ ಚೆಲ್ಲಲು ಮನೆಮಂದಿಯೆಲ್ಲ ಹೊರಡಬೇಕು. ತೊಗರಿ ಕೊಯ್ಲಿಗೆ ಬಂದಿರುತ್ತದೆ, ಜೋಳ ಎದೆಯೆತ್ತರ ನಿಂತಿರುತ್ತದೆ. ಭಜ್ಜಿಯ ಬೋಗುಣಿ, ಸಜ್ಜಿ ರೊಟ್ಟಿಯ ಬುಟ್ಟಿ, ಶೇಂಗಾ ಹೋಳಿಗೆಯ ಡಬ್ಬಿ, ಅಂಬಲಿಯ ಗಡಿಗೆ, ಜಮಖಾನೆ ಎಲ್ಲ ಹಿಂದಿನಿಂದಲೇ ಏರಬೇಕು. ಡೋರು ಎತ್ತಿದರೆ ನಿಲ್ಲುವುದಿಲ್ಲ. ಊರುಗೋಲಾಗಿ ತೊಗರಿ ಕಟ್ಟಿಗೆ ಇಟ್ಟರೆ ಮುರಿಯುತ್ತದೆ; ಹುಡುಗರ ಕ್ರಿಕೆಟ್ ಬ್ಯಾಟು ಇಟ್ಟರೆ ನಿಲ್ಲುತ್ತದೆ, ಆದರೆ ಅರ್ಧ ಗಳಿಗೆಯಲ್ಲಿ ಬ್ಯಾಟಿನ ಧಣಿ ಬಂದು ಎಳೆದುಕೊಂಡು ಹೋಗುತ್ತಾನೆ. ಕೊನೆಗೆ ನಂಬಿಕಸ್ಥ ಆಧಾರವೆಂದರೆ ಮನೆಯ ಉದ್ದನೆಯ ಮನುಷ್ಯನ ತಲೆ. ಎತ್ತರದ ಹುಡುಗನಿಗೆ ಹೆಣ್ಣು ಕೊಡಲು ಈ ಸೀಮೆಯ ಬೀಗರು ಮುಂದಾಗುವುದರ ಗುಟ್ಟು ಇದೇ ಎಂದು ಪ್ರಸ್ತುತ ಲೇಖಕನ ಊಹೆ.

ಹಾಕುವ ಕ್ರಿಯೆಗೆ ಮಂತ್ರವಿದೆ.

‘ಡೋರ್ ಹತ್ಯಾದೇನ್ ನೋಡು.’

‘ಹತ್ತಿಲ್ಲ. ಇನ್ನೊಮ್ಮಿ ಹಾಕು.’

‘ಅಷ್ಟ್ ಜೋರ್ ಹಾಕಬ್ಯಾಡೋ, ಮುರೀತದ!’

‘ಮೆಲ್ಲಕ್ ಹಾಕಿದ್ರ ಹತ್ತಲ್ಲ, ಜೋರ್ ಹಾಕಿದ್ರ ಬೈತೀರಿ. ನೀವೇ ಹಾಕ್ರಿ ಮಾವಾ.’

ಮಾವ ಇಳಿಯುತ್ತಾನೆ, ಒಮ್ಮೆ ಹಾಕುತ್ತಾನೆ, ಹತ್ತುವುದಿಲ್ಲ. ಬಾಗಿ ನೋಡಿದರೆ ಕೊಂಡಿಯ ಬಾಯಲ್ಲಿ ಜಮಖಾನೆಯ ಕುಚ್ಚು ಸಿಕ್ಕಿರುತ್ತದೆ. ಅದನ್ನು ಯಾರು ಇಟ್ಟರೆಂಬ ವಿಚಾರಣೆ ಹೊಲ ಮುಟ್ಟುವವರೆಗೆ ನಡೆಯುತ್ತದೆ.

ಪಾಶ್ಚಾತ್ಯರ ಒಂದು ಸಾಧನೆಯನ್ನು ಇಲ್ಲಿ ನೆನೆಯಬೇಕು. 2012ರ ಸುಮಾರಿಗೆ ಫೋರ್ಡ್ ಕಂಪನಿಯವರು ಬಂಪರಿನ ಕೆಳಗೆ ಕಾಲು ಬೀಸಿದರೆ ತಾನೇ ತೆರೆಯುವ ಹಿಂಬಾಗಿಲನ್ನು ಹೊರತಂದರು. ಕಾಲಿನಿಂದ ಒದ್ದು ಡೋರು ತೆರೆಯುವ ವಿದ್ಯೆ ನಮ್ಮ ಸ್ಟ್ಯಾಂಡುಗಳಲ್ಲಿ ಅದಕ್ಕೂ ಬಹಳ ಮೊದಲೇ ಪ್ರಚಾರದಲ್ಲಿತ್ತು. ವ್ಯತ್ಯಾಸವೆಂದರೆ ಅವರು ಕಾಲನ್ನು ಡೋರಿಗೆ ತಾಗಿಸುವುದಿಲ್ಲ. ಅದು ಪಾಶ್ಚಾತ್ಯ ಸಂಕೋಚ.

ಈಗ ಬಾಕಿ ಉಳಿಸಿದ ವಿಚಾರಕ್ಕೆ ಬರೋಣ. ನಮ್ಮ ಹಳೆಯ ವ್ಯಾನುಗಳ ಹಿಂದಿನ ಡೋರಿಗೆ ಒಳಗಡೆ ಹಿಡಿಕೆಯಿಲ್ಲ, ತೆರೆಯುವವರು ಹೊರಗಿರಬೇಕು. ಆ ಡೋರಿಗೆ ಬೆನ್ನು ಹಚ್ಚಿ ಕೂಡುವವಳು ಸೊಸೆ. ಕಿಡಕಿಗೆ ಹ್ಯಾಂಡಲ್ ಇಲ್ಲ, ಡೋರಿಗೆ ಹಿಡಿಕೆ ಇಲ್ಲ, ತೊಡೆಯ ಮೇಲೆ ಬಿಸಿ ಭಜ್ಜಿಯ ಬೋಗುಣಿ, ಪಾದದ ಮೇಲೆ ಅಂಬಲಿಯ ಗಡಿಗೆ. ನಸುಕಿನ ಮೂರಕ್ಕೆ ಎದ್ದು ಎಲ್ಲವನ್ನೂ ಮಾಡಿದವಳೂ ಆಕೆಯೇ. ಎಲ್ಲರಿಗಿಂತ ಮೊದಲು ಗಾಡಿ ಹತ್ತಿ ಹಿಂದಕ್ಕೆ ಸರಿಯುತ್ತಾಳೆ, ಎಲ್ಲರೂ ಇಳಿದ ಮೇಲೆ ಇಳಿಯುತ್ತಾಳೆ. 6,65,280 ರೀತಿಗಳಲ್ಲಿ ಆಯಿ ಯಾವುದನ್ನೇ ಆರಿಸಲಿ, ಮೂಲೆಯ ಆ ಒಂದು ಸೀಟಿನ ಹೆಸರು ಬದಲಾಗಿದ್ದಿಲ್ಲ. ಆಯಿಯೂ ಒಂದು ಕಾಲಕ್ಕೆ ಬಂಡಿಯ ಹಿಂದಿನ ತುದಿಯಲ್ಲಿ ಕೂತು ಬಂದವಳೇ. ಮಹಾವೀರಾಚಾರ್ಯ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ವಿಜ್ಞಾನೇಶ್ವರ ಪಾಲಿಗೆ ತೆಗೆದುಕೊಳ್ಳಲಿಲ್ಲ. ಶಾಸ್ತ್ರಕಾರರು ಮುಂದಿನ ಸೀಟಿನಲ್ಲಿ ಕೂತೇ ಬರೆದಿರಬೇಕು.

ನಿರ್ಣಯ

ಪೂರ್ವಾಚಾರ್ಯರ ಕ್ಷಮೆ ಕೋರಿ, ಐದೂ ಊರುಗಳಿಗೆ ಅನ್ವಯಿಸುವಂತೆ ಅಂತಿಮ ಸೂತ್ರ ಹೀಗೆ: ಬರುವ ಎಳ್ಳಮಾಸೆಯಿಂದ ಅಡುಗೆ ಮಾಡಿದವಳಿಗೆ ಕಿಡಕಿ ಸಲ್ಲತಕ್ಕದ್ದು.

ಪೂರ್ವಪಕ್ಷ: ಆಕೆ ಕಿಡಕಿಗೆ ಹೋದರೆ ಭಜ್ಜಿಯ ಬೋಗುಣಿ ಯಾರ ತೊಡೆಯ ಮೇಲೆ?

ಸಿದ್ಧಾಂತ: ಹ್ಯಾಂಡಲ್ ಯಾರ ಕಿಸೆಯಲ್ಲಿದೆಯೋ ಅವರ ತೊಡೆಯ ಮೇಲೆ.